ಹಿತ್ತಿಲ ಹಕ್ಕಿ ನಿಮ್ಮನ್ನು ಮೊದಲೇ ನೋಡಿರುತ್ತದೆ

ಕ್ಯಾಮೆರಾ ಹಿಡಿದು ಹಿತ್ತಿಲಿಗೆ ಕಾಲಿಡುತ್ತೀರಿ. ದಾಸವಾಳದ ಕೊಂಬೆಯಲ್ಲಿ ಸೂರಕ್ಕಿಯೊಂದು ಕೂತಿರುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಷ್ಟರಲ್ಲಿ ಕೊಂಬೆ ಬರಿದು. ಎಲೆಯೊಂದು ಅಲ್ಲಾಡುತ್ತಿರುತ್ತದೆ, ಅಷ್ಟೇ. ಹೀಗೆ ನಾಲ್ಕಾರು ಸಲ ಆದ ಮೇಲೆ ಲೆನ್ಸ್ ಸಾಲದು, ಕ್ಯಾಮೆರಾ ನಿಧಾನ ಎಂದು ಅನ್ನಿಸತೊಡಗುತ್ತದೆ. ನನಗೂ ಹಾಗೇ ಅನ್ನಿಸಿತ್ತು. ನಾನು ಹಕ್ಕಿಯನ್ನು ಕಾಣುವುದಕ್ಕೆ ಎಷ್ಟೋ ಹೊತ್ತು ಮೊದಲೇ, ಬಾಗಿಲ ಚಿಲಕ ಸದ್ದು ಮಾಡಿದಾಗಲೇ, ಅದು ನನ್ನನ್ನು ಗಮನಿಸಿರುತ್ತಿತ್ತು ಎಂಬುದು ಹೊಳೆಯಲು ವರ್ಷಗಳೇ ಬೇಕಾದವು. ಅದು ಹೊಳೆದ ದಿನದಿಂದ ನೋಡುವ ರೀತಿಯೂ ಬದಲಾಯಿತು, ಚಿತ್ರಗಳೂ ಬದಲಾದವು. ಯಾವ ಲೆನ್ಸ್, ಯಾವ ಶಟರ್ ವೇಗ ಎಂಬ ಮಾತಿಗೂ ಮುಂಚೆ ಹಕ್ಕಿಗೆ ನಾವು ಹೇಗೆ ಕಾಣುತ್ತೇವೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಕ್ಕಿಯ ಕಣ್ಣಿಗೆ ನಾವು

ಬಣ್ಣ ಗ್ರಹಿಸುವ ಶಂಕುಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆಯವು. ಹಗಲಲ್ಲಿ ಓಡಾಡುವ ಹಕ್ಕಿಗಳಲ್ಲಿ ನಾಲ್ಕು ಬಗೆ. ಹಾಗಾಗಿ ಅನೇಕ ಚಿಕ್ಕ ಹಕ್ಕಿಗಳಿಗೆ ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಬೆಳಕೂ ಒಂದು ಬಣ್ಣವಾಗಿ ಕಾಣುತ್ತದೆ. ಚಲನೆಯನ್ನು ಹಿಡಿಯುವುದರಲ್ಲೂ ಅವು ನಮಗಿಂತ ಚುರುಕು. ಕೆಲವು ಪುಟ್ಟ ಹಕ್ಕಿಗಳು ನಮಗಿಂತ ಸುಮಾರು ಎರಡು ಪಟ್ಟು ವೇಗದ ಮಿನುಗನ್ನೂ ಬಿಡಿಬಿಡಿಯಾಗಿ ಕಾಣಬಲ್ಲವು. ನಾವು ಸರಕ್ಕನೆ ಎತ್ತಿದೆವು ಅಂದುಕೊಳ್ಳುವ ಕೈ, ಅವುಗಳ ಕಣ್ಣಿಗೆ ಸಾವಕಾಶವಾಗಿ ಏಳುತ್ತಿರುವ ಕೈ.

ಇನ್ನು ಕಣ್ಣುಗಳ ಜಾಗ. ಗುಬ್ಬಚ್ಚಿ, ಪಾರಿವಾಳಗಳಂಥ ಹಕ್ಕಿಗಳ ಕಣ್ಣು ತಲೆಯ ಎರಡು ಬದಿಗಿವೆ. ಪಾರಿವಾಳ ತಲೆ ಅಲ್ಲಾಡಿಸದೆಯೇ ಸುತ್ತಲಿನ 300 ಡಿಗ್ರಿಗೂ ಹೆಚ್ಚು ಭಾಗವನ್ನು ನೋಡುತ್ತದೆ. ಹಿಂದಿನಿಂದ ಹೋದರೆ ಗೊತ್ತಾಗುವುದಿಲ್ಲ ಎಂಬ ಲೆಕ್ಕಾಚಾರ ಇಲ್ಲಿ ನಡೆಯದು. ಹಕ್ಕಿ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕತ್ತು ಕೊಂಚ ವಾಲಿಸಿ ಕೂತರೆ ಅದು ನಮ್ಮನ್ನು ಕಡೆಗಣಿಸಿದೆ ಎಂದು ತಿಳಿಯಬಾರದು. ಒಂದು ಕಣ್ಣನ್ನು ನೇರ ನಮ್ಮತ್ತ ನೆಟ್ಟು ಪರೀಕ್ಷಿಸುತ್ತಿರುತ್ತದೆ.

ನಮ್ಮ ಕಣ್ಣು ಎಲ್ಲಿದೆ ಎಂಬುದನ್ನೂ ಅವು ನೋಡುತ್ತವೆ. 2008ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಟಾರ್ಲಿಂಗ್ ಹಕ್ಕಿಗಳಿಗೆ ಆಹಾರವಿಟ್ಟು ಪಕ್ಕದಲ್ಲಿ ನಿಂತರು. ಮನುಷ್ಯ ಆಹಾರದತ್ತ ನೇರ ನೋಡುತ್ತಿದ್ದಾಗ ಅವು ಹತ್ತಿರ ಬರಲು ಹಿಂಜರಿದವು; ದೃಷ್ಟಿ ಬೇರೆಡೆಗೆ ತಿರುಗಿದಾಗ ಬೇಗನೆ ಬಂದು ಹೆಚ್ಚು ತಿಂದವು. ಬೇಟೆಯಾಡುವ ಪ್ರಾಣಿ ನೇರ ನೋಡುತ್ತದೆ, ಮೇಯುವ ಪ್ರಾಣಿ ಅತ್ತಿತ್ತ ನೋಡುತ್ತದೆ. ಹಕ್ಕಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಉದ್ದ ಲೆನ್ಸಿನ ಮುಂದಿನ ಗಾಜು ಅದರ ಪಾಲಿಗೆ ಎವೆಯಿಕ್ಕದ ದೊಡ್ಡ ಕಣ್ಣಿನಂತೆಯೇ ಕಾಣುತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಕಾಗೆಗಳು ಇನ್ನೊಂದು ಹೆಜ್ಜೆ ಮುಂದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು 2006ರಲ್ಲಿ ಒಂದು ನಿರ್ದಿಷ್ಟ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು, ಗುರುತಿನ ಉಂಗುರ ಹಾಕಿ ಬಿಟ್ಟರು. ಆಮೇಲೆ ಆ ಮುಖವಾಡ ತೊಟ್ಟು ಯಾರೇ ನಡೆದರೂ ಕಾಗೆಗಳು ಕಿರುಚಿ ಎರಗಿದವು. ವರ್ಷಗಳು ಕಳೆದರೂ ಮರೆಯಲಿಲ್ಲ. ಹಿಡಿದಾಗ ಅಲ್ಲಿ ಇಲ್ಲದಿದ್ದ ಕಾಗೆಗಳೂ ಆ ಸಿಟ್ಟನ್ನು ಕಲಿತಿದ್ದವು. ನಮ್ಮ ಹಿತ್ತಿಲ ಕಾಗೆಗಳಿಗೂ ನಮ್ಮ ಮುಖ ಗೊತ್ತಿರುತ್ತದೆ ಎಂದಿಟ್ಟುಕೊಂಡೇ ನಡೆದುಕೊಳ್ಳುವುದು ಒಳ್ಳೆಯದು.

ಪ್ರತಿ ಹಕ್ಕಿಗೂ ಹಾರುವ ಅಂತರ ಎಂಬುದೊಂದಿದೆ. ಅಷ್ಟು ಹತ್ತಿರ ಬಂದರೆ ಅದು ಎದ್ದು ಹೋಗುತ್ತದೆ. ನೇರ ನಡೆದು ಬಂದರೆ ಈ ಅಂತರ ದೊಡ್ಡದಾಗುತ್ತದೆ; ಓರೆಯಾಗಿ, ಎಲ್ಲಿಗೋ ಹೊರಟವರಂತೆ, ನಡುನಡುವೆ ನಿಂತು, ತಲೆ ತಗ್ಗಿಸಿ ಬಂದರೆ ಕುಗ್ಗುತ್ತದೆ. ಹಾರುವ ಮುನ್ನ ಸೂಚನೆಯೂ ಸಿಗುತ್ತದೆ. ತಿನ್ನುತ್ತಿದ್ದದ್ದು ನಿಲ್ಲಿಸುತ್ತದೆ, ಕತ್ತು ನೀಳವಾಗುತ್ತದೆ, ಉಬ್ಬಿದ್ದ ಗರಿಗಳು ಮೈಗಂಟಿ ಹಕ್ಕಿ ಸಪೂರವಾಗಿ ಕಾಣುತ್ತದೆ, ಬಾಲ ತುಯ್ಯುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಮೊದಲ ಸೂಚನೆಗೇ ನಿಂತುಬಿಟ್ಟರೆ ಅದು ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಅಲ್ಲಿಂದ ಒಂದೇ ಒಂದು ಹೆಜ್ಜೆ ಹಿಂದೆ ಸರಿದು ಕಾದರಂತೂ ಬಹಳ ಸಲ ಹಕ್ಕಿಯೇ ಹತ್ತಿರ ಬಂದಿದೆ.

ಮೊದಲ ಎರಡು ವಾರ ಕ್ಯಾಮೆರಾ ಒಳಗಿರಲಿ

ಹೊಸಬರಿಗೆ ನಾನು ಹೇಳುವುದು ಇಷ್ಟು: ಎರಡು ವಾರ ದಿನವೂ ಒಂದೇ ಹೊತ್ತಿಗೆ, ಒಂದೇ ಕುರ್ಚಿಯಲ್ಲಿ, ಒಂದೇ ಬಣ್ಣದ ಮಾಸಲು ಬಟ್ಟೆಯಲ್ಲಿ ಇಪ್ಪತ್ತು ನಿಮಿಷ ಕೂತಿರಿ. ಕೈಯಲ್ಲಿ ಪುಸ್ತಕ, ಪೆನ್ಸಿಲ್ ಸಾಕು. ಬೆಳಗಿನ ಹೊತ್ತು ಎಲ್ಲಕ್ಕಿಂತ ಮೇಲು. ಪುಟ್ಟ ಹಕ್ಕಿಗಳು ರಾತ್ರಿ ಕಳೆಯುವುದರಲ್ಲೇ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿ ತೂಕ ಕಳೆದುಕೊಂಡಿರುತ್ತವೆ. ಬೆಳಕು ಹರಿದೊಡನೆ ಹೊಟ್ಟೆಪಾಡಿಗೆ ಇಳಿಯದೆ ವಿಧಿಯಿಲ್ಲ. ಮೂರು ನಾಲ್ಕು ದಿನಗಳಲ್ಲಿ ನೀವು ಆ ಜಾಗದ ಒಂದು ಭಾಗವಾಗುತ್ತೀರಿ. ಆಗ ಗೊತ್ತಾಗುತ್ತದೆ, ಹಕ್ಕಿಗಳು ಹಿತ್ತಿಲಿಗೆ ಹೇಗೆಂದರೆ ಹಾಗೆ ಬರುವುದಿಲ್ಲ, ಅವಕ್ಕೂ ದಾರಿ ಇದೆ, ಹೊತ್ತು ಇದೆ. ಮಡಿವಾಳ ಹಕ್ಕಿ ಬೇಲಿಯ ಅದೇ ಗೂಟದ ಮೇಲೆ ಕೂತು ಅದೇ ನೆಲಕ್ಕೆ ಇಳಿಯುತ್ತದೆ. ಹರಟೆಮಲ್ಲಗಳು ಗುಂಪಾಗಿ ಬಂದು ಒಣಗಿದ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತ ಹಿತ್ತಿಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುತ್ತವೆ. ಒಳ್ಳೆಯ ಚಿತ್ರವೆಂದರೆ ಈ ದಾರಿಯಲ್ಲಿ ಮುಂಚೆಯೇ ಹೋಗಿ ಕಾದದ್ದರ ಫಲ.

ಒಂದು ಬೆಳಿಗ್ಗೆ ಗಿಡಗಳಿಗೆ ನೀರು ಚಿಮುಕಿಸಿ ಬಂದು ಕೂತಿದ್ದೆ. ಟುವ್ವಿ ಹಕ್ಕಿಯೊಂದು ಅಗಲವಾದ ಎಲೆಯ ಮೇಲಿಳಿಯಿತು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ತೂಕ 10 ಗ್ರಾಮನ್ನೂ ಮೀರದು. ನೆತ್ತಿಯಲ್ಲಿ ತುಕ್ಕಿನ ಬಣ್ಣ, ಬಾಲ ನೆಟ್ಟಗೆ ಮೇಲಕ್ಕೆ. ಎಲೆಯ ಮೇಲೆ ಎದೆಯೂರಿ ಜಾರಿತು. ಎಲೆಯ ನೀರೆಲ್ಲ ಹೊಟ್ಟೆಯ ಗರಿಗೆ ಸವರಿಕೊಂಡಿತು. ಮತ್ತೆ ಮೇಲೆ ಹತ್ತಿ ಮತ್ತೆ ಜಾರಿತು. ಪಕ್ಕದ ಎಲೆ, ಅದರ ಪಕ್ಕದ ಎಲೆ. ಮೈ ಪೂರ್ತಿ ತೊಯ್ದ ಮೇಲೆ ಒಳಗಿನ ಕಡ್ಡಿಯೊಂದರ ಮೇಲೆ ಕೂತು ಕೂಗತೊಡಗಿತು. ಒಂದೊಂದು ಕೂಗಿಗೂ ಕತ್ತಿನ ಬದಿಯಲ್ಲಿ ಕಪ್ಪು ಮಚ್ಚೆಯೊಂದು ಕಂಡು ಮರೆಯಾಗುತ್ತಿತ್ತು. ಕೂಗುವಾಗ ಗಂಟಲು ಉಬ್ಬಿ ಗರಿಗಳ ನಡುವಿನ ಕಪ್ಪು ಚರ್ಮ ಇಣುಕುವುದು ಅದು. ಆ ದಿನ ಕೈಯಲ್ಲಿ ಕ್ಯಾಮೆರಾ ಇದ್ದಿದ್ದರೆ ಮೊದಲ ಜಾರುವಿಕೆಗೇ ಎತ್ತಿ, ಉಳಿದದ್ದನ್ನು ಕಳೆದುಕೊಳ್ಳುತ್ತಿದ್ದೆ. ಮರುದಿನ ಅದೇ ಹೊತ್ತಿಗೆ ಅದೇ ಎಲೆಗಳಿಗೆ ನೀರು ಚಿಮುಕಿಸಿ ಕ್ಯಾಮೆರಾ ಇಟ್ಟುಕೊಂಡು ಕೂತೆ. ಬಂತು.

ಕಿವಿಯನ್ನೂ ಪಳಗಿಸಬೇಕು. ಆಕಾಶದಲ್ಲಿ ಗಿಡುಗ ಕಂಡಾಗ ಚಿಕ್ಕ ಹಕ್ಕಿಗಳು ಎಳೆಯಂತೆ ತೆಳ್ಳಗಿನ, ಏರುದನಿಯ ಸೀಟಿ ಹಾಕುತ್ತವೆ. ಆ ಸದ್ದು ಎಲ್ಲಿಂದ ಬಂತೆಂದು ಪತ್ತೆ ಮಾಡುವುದು ಕಷ್ಟ, ಅದೇ ಅದರ ಉಪಯೋಗ. ಕೂತಿರುವ ಗೂಬೆ, ಹರಿಯುವ ಹಾವು, ಅಡಗಿರುವ ಬೆಕ್ಕು ಕಂಡರೆ ಕೂಗು ಬೇರೆ: ಒರಟು, ಕರ್ಕಶ, ಎಲ್ಲಿಂದ ಬಂತೆಂದು ತಟ್ಟನೆ ತಿಳಿಯುವಂಥದ್ದು, ಉಳಿದವರನ್ನೂ ಕೂಡಿಸಿ ಶತ್ರುವನ್ನು ಓಡಿಸುವುದಕ್ಕೆ. ಉತ್ತರ ಅಮೆರಿಕದ ಚಿಕಡೀ ಎಂಬ ಪುಟ್ಟ ಹಕ್ಕಿ ಇನ್ನೂ ಸೂಕ್ಷ್ಮ. ಅದರ ಕೂಗಿನ ಕೊನೆಯ ಡೀ ಡೀ ಸ್ವರಗಳ ಸಂಖ್ಯೆ ಅಪಾಯಕ್ಕೆ ತಕ್ಕಂತೆ ಏರುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮರಗಳ ನಡುವೆ ತನ್ನನ್ನು ಅಟ್ಟಿ ಹಿಡಿಯಬಲ್ಲ ಚಿಕ್ಕ ಗೂಬೆಗೆ ಹೆಚ್ಚು ಡೀ, ದೊಡ್ಡ ನಿಧಾನದ ಗೂಬೆಗೆ ಕಡಿಮೆ. ಹಿತ್ತಿಲಲ್ಲಿ ಪಿಕಳಾರ, ಹರಟೆಮಲ್ಲಗಳು ಒಂದೇ ಪೊದೆಯ ಸುತ್ತ ಸೇರಿ ಗದ್ದಲ ಎಬ್ಬಿಸಿದರೆ ಮೊದಲು ನೆಲ ನೋಡಿ ಹೆಜ್ಜೆ ಇಡಿ.

ಬೈನಾಕ್ಯುಲರ್ ಕೊಳ್ಳುವವರಿಗೆ ಒಂದೆರಡು ಮಾತು. 8x42 ಎಂದು ಬರೆದಿದ್ದರೆ 8 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿ.ಮೀ. ಎಂದರ್ಥ. 42ನ್ನು 8ರಿಂದ ಭಾಗಿಸಿದರೆ ಸುಮಾರು 5 ಮಿ.ಮೀ. ಬರುತ್ತದಲ್ಲ, ಕಣ್ಣಿಗೆ ತಲಪುವ ಬೆಳಕಿನ ಕಂಬಿಯ ಅಗಲ ಅದು. ಮಬ್ಬು ಬೆಳಕಿನಲ್ಲಿ ಹಿಗ್ಗಿದ ಪಾಪೆಗೆ ಅಷ್ಟು ಬೇಕು. 10 ಪಟ್ಟಿನದು ಆಕರ್ಷಕ ಅನ್ನಿಸಿದರೂ ಕೈನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ, ನೋಟದ ಹರವನ್ನು ಕುಗ್ಗಿಸುತ್ತದೆ. ಹಿತ್ತಿಲಿಗೆ 8 ಪಟ್ಟೇ ಸೈ. ಎರಡು ಮೂರು ಮೀಟರ್ ಹತ್ತಿರದ ವಸ್ತುವಿಗೂ ಫೋಕಸ್ ಆಗುತ್ತದೆಯೇ ಎಂಬುದನ್ನು ಮಾತ್ರ ತಪ್ಪದೆ ನೋಡಿಕೊಳ್ಳಿ.

ಹಕ್ಕಿ ಯಾವುದೆಂದು ಗುರುತಿಸಲು ಬಣ್ಣವೊಂದನ್ನೇ ನೆಚ್ಚಬೇಡಿ. ಗಾತ್ರ, ಕೊಕ್ಕಿನ ಆಕಾರ, ಬಾಲ ಕುಣಿಸುವ ರೀತಿ, ನೆಲದಲ್ಲಿ ನಡೆಯುತ್ತದೋ ಕುಪ್ಪಳಿಸುತ್ತದೋ ಎಂಬುದು, ಕೂಗು, ಇವೆಲ್ಲ ಬಣ್ಣಕ್ಕಿಂತ ನಂಬಿಕೆಗೆ ಅರ್ಹ. ಗಂಡು ಕೋಗಿಲೆ ಕಡುಗಪ್ಪು, ಹೆಣ್ಣು ಕಂದು ಮೈಯಲ್ಲಿ ಬಿಳಿ ಚುಕ್ಕಿ. ಎರಡನ್ನೂ ಬೇರೆ ಬೇರೆ ಹಕ್ಕಿ ಎಂದು ಬರೆದಿಟ್ಟುಕೊಂಡವರು ಬಹಳ ಮಂದಿ.

ಹಕ್ಕಿಯನ್ನು ಕರೆಯುವುದು ನೀರು, ಉಳಿಸಿಕೊಳ್ಳುವುದು ಹುಳು

ಹಿತ್ತಿಲಿಗೆ ಒಂದೇ ಒಂದು ವಸ್ತು ತರಬಹುದೆಂದರೆ ಅದು ಕಾಳಿನ ತಟ್ಟೆ ಆಗಬೇಕಿಲ್ಲ, ನೀರಿನ ತಟ್ಟೆ ಆಗಲಿ. ಕಾಳು ತಿನ್ನದ ಹಕ್ಕಿಗಳೂ ನೀರಿಗೆ ಬರುತ್ತವೆ: ಕೀಟ ಹಿಡಿಯುವವು, ಹಣ್ಣು ತಿನ್ನುವವು, ಮಕರಂದ ಹೀರುವವು. ಆಳ 2ರಿಂದ 5 ಸೆಂ.ಮೀ. ಸಾಕು, ಅಂಚಿನಿಂದ ಒಳಕ್ಕೆ ಇಳಿಜಾರಾಗಿರಬೇಕು, ತಳ ಒರಟಾಗಿರಬೇಕು. ನುಣುಪು ತಳದಲ್ಲಿ ಹಕ್ಕಿಯ ಕಾಲು ಜಾರುತ್ತದೆ. ಜಾರಿದ ಹಕ್ಕಿ ಮತ್ತೆ ಬರುವುದು ಅನುಮಾನ. ನಡುವೆ ಒಂದು ಚಪ್ಪಟೆ ಕಲ್ಲು ಇಟ್ಟರೆ ಸಣ್ಣ ಹಕ್ಕಿಗಳಿಗೆ ಧೈರ್ಯ. ದಿನವೂ ನೀರು ಚೆಲ್ಲಿ ಉಜ್ಜಿ ತೊಳೆದು ತುಂಬಿಸಿ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರವಾದರೂ ಬೇಕಿರುವುದರಿಂದ ದಿನವೂ ಬದಲಿಸುವ ನೀರಿನಲ್ಲಿ ಅದು ಬೆಳೆಯದು. ಮೇಲಿನಿಂದ ಹನಿ ಹನಿಯಾಗಿ ತೊಟ್ಟಿಕ್ಕುವ ಏರ್ಪಾಡು ಮಾಡಿದರೆ ಆ ಸದ್ದಿಗೇ ದೂರದ ಹಕ್ಕಿ ಬರುತ್ತದೆ.

ಉಳಿಸಿಕೊಳ್ಳುವ ವಿಷಯಕ್ಕೆ ಬಂದರೆ ಕೀಟಗಳು. ದೊಡ್ಡವಾದ ಮೇಲೆ ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಗಳನ್ನೇ ಉಣಿಸುತ್ತದೆ. ಮಕರಂದದ ಹಕ್ಕಿ ಎಂದೇ ಹೆಸರಾದ ಸೂರಕ್ಕಿ ಮರಿಗಳಿಗೆ ಜೇಡಗಳನ್ನು ಹೊತ್ತು ತರುತ್ತದೆ. ಚಿಕಡೀ ಜೋಡಿಯೊಂದು ಒಂದು ಸೂಲಿನ ಮರಿಗಳನ್ನು ಗೂಡಿನಿಂದ ಹಾರಿಸುವಷ್ಟರಲ್ಲಿ ಸಾವಿರಾರು ಕಂಬಳಿಹುಳುಗಳನ್ನು ಹಿಡಿದಿರುತ್ತದೆ. ಕೀಟನಾಶಕ ಹೊಡೆದು ಒಂದೂ ತೂತಿಲ್ಲದ ಎಲೆಗಳನ್ನು ಬೆಳೆಸಿದ ತೋಟದಲ್ಲಿ ಹಕ್ಕಿಯ ಮರಿಗೆ ಊಟವಿಲ್ಲ. ಉದುರಿದ ಎಲೆಗಳನ್ನು ಒಂದು ಮೂಲೆಯಲ್ಲಾದರೂ ಹಾಗೇ ಬಿಡಿ. ಆ ನೆಲದ ಗಿಡ, ಪೊದೆಗಳು ದಟ್ಟವಾಗಲಿ. ಜೇಡರ ಬಲೆಗಳನ್ನು ಕಂಡಕಂಡಲ್ಲಿ ಗುಡಿಸಬೇಡಿ. ಟುವ್ವಿ ಎಲೆಗಳನ್ನು ಹೊಲಿಯುವುದು, ಸೂರಕ್ಕಿ ತೂಗುವ ಗೂಡನ್ನು ಬಿಗಿಯುವುದು ಅದೇ ಎಳೆಗಳಿಂದ.

ಕಾಳು ಇಡುವವರು ತಟ್ಟೆಯನ್ನು ಆಗಾಗ ತೊಳೆದು ಒಣಗಿಸಲೇಬೇಕು. ಬ್ರಿಟನ್ನಿನ ತೋಟಗಳಲ್ಲಿ ಗ್ರೀನ್‌ಫಿಂಚ್ ಎಂಬ ಹಕ್ಕಿಗೆ 2005ರಿಂದ ಟ್ರೈಕೊಮೊನಾಸಿಸ್ ರೋಗ ತಗುಲಿ ಅದರ ಸಂಖ್ಯೆ ಕುಸಿಯಿತು. ಒಂದರ ಎಂಜಲು ಇನ್ನೊಂದಕ್ಕೆ ತಾಗುವ ಆಹಾರದ ತಟ್ಟೆ, ನೀರಿನ ಬಟ್ಟಲುಗಳು ಅದು ಹರಡುವ ದಾರಿಗಳಲ್ಲಿ ಸೇರಿವೆ. ಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ, ನುಂಗಲು ಒದ್ದಾಡುವ ಹಕ್ಕಿ ಕಂಡರೆ ಕೆಲವು ವಾರ ಆಹಾರ ಇಡುವುದನ್ನೇ ನಿಲ್ಲಿಸಿ. ಬೆಕ್ಕಿದ್ದರೆ ನೀರಿನ ತಟ್ಟೆ ಪೊದೆಗೆ ತಾಗಿಕೊಂಡಿರಬಾರದು, ಎರಡು ಮೂರು ಮೀಟರ್ ಬಯಲಿರಲಿ.

ಕಿಟಕಿಯ ಗಾಜೂ ಅಪಾಯಕಾರಿ. ಅದರಲ್ಲಿ ಮೂಡುವ ಆಕಾಶ, ಮರಗಳು ಹಕ್ಕಿಗೆ ನಿಜವೇ. ಅಲ್ಲಿಗೇ ಪೂರ್ಣ ವೇಗದಲ್ಲಿ ಹಾರುತ್ತದೆ. ನೀರು, ಕಾಳಿನ ತಟ್ಟೆಯನ್ನು ಕಿಟಕಿಗೆ 1 ಮೀಟರಿಗಿಂತ ಹತ್ತಿರ ಇಡಿ, ಹಾರಿದರೂ ವೇಗ ಬರುವಷ್ಟು ಜಾಗವಿರುವುದಿಲ್ಲ. ಇಲ್ಲವೇ 10 ಮೀಟರ್ ಆಚೆಗಿಡಿ. ಗಾಜಿನ ಹೊರಮೈಗೆ 5 ಸೆಂ.ಮೀ.ಗೊಂದರಂತೆ ಚುಕ್ಕಿ ಅಥವಾ ಗೆರೆ ಅಂಟಿಸಬೇಕು. ಒಂದೆರಡು ಗಿಡುಗನ ಚಿತ್ರ ಅಂಟಿಸಿದರೆ ಸಾಲದು, ಹಕ್ಕಿ ಅದರ ಪಕ್ಕದ ಖಾಲಿ ಜಾಗಕ್ಕೆ ಹಾರುತ್ತದೆ.

ಹತ್ತಿರ, ಹಿನ್ನೆಲೆ, ಬೆಳಕು

ಈಗ ಕ್ಯಾಮೆರಾ. ಹಾರುವ ಹಕ್ಕಿಯನ್ನು ಚಿತ್ರದಲ್ಲಿ ಹಿಡಿಯಲು 1882ರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಬಂದೂಕಿನ ಆಕಾರದ ಕ್ಯಾಮೆರಾ ಮಾಡಿದರು. ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಇಂಗ್ಲೆಂಡಿನ ಕೀರ್ಟನ್ ಸಹೋದರರು ಹಕ್ಕಿಗಳ ಹತ್ತಿರ ಹೋಗಲು ಎತ್ತಿನ ಚರ್ಮದ ಪೊಳ್ಳು ಗೊಂಬೆ ಮಾಡಿಸಿ ಅದರೊಳಗೆ ಗಂಟೆಗಟ್ಟಲೆ ಕೂರುತ್ತಿದ್ದರು. ಮೊದಲನೆಯದು ವೇಗದ ದಾರಿ, ಎರಡನೆಯದು ಹತ್ತಿರದ ದಾರಿ. ಇಂದು ವೇಗವನ್ನು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ. ಹತ್ತಿರ ಹೋಗುವುದು ಈಗಲೂ ನಮ್ಮದೇ ಕೆಲಸ.

ಲೆಕ್ಕ ನೋಡಿ. 36 ಎಂಎಂ ಅಗಲದ ಸೆನ್ಸರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಎಂಎಂ ಲೆನ್ಸ್ 10 ಮೀಟರ್ ದೂರದಲ್ಲಿ ಸುಮಾರು 90 ಸೆಂ.ಮೀ. ಅಗಲದ ಜಾಗವನ್ನು ಹಿಡಿಯುತ್ತದೆ. 10 ಸೆಂ.ಮೀ. ಉದ್ದದ ಸೂರಕ್ಕಿ ಅದರಲ್ಲಿ ಒಂಬತ್ತನೇ ಒಂದು ಪಾಲು. ದೂರ 5 ಮೀಟರಿಗೆ ಇಳಿದರೆ ಹಕ್ಕಿ ಚಿತ್ರದಲ್ಲಿ ನಾಲ್ಕು ಪಟ್ಟು ಜಾಗ ತುಂಬುತ್ತದೆ. ಅದೇ ಫಲ ಲೆನ್ಸಿನಿಂದ ಬೇಕೆಂದರೆ 800 ಎಂಎಂ ಬೇಕು. ಆದ್ದರಿಂದಲೇ ಹಿತ್ತಿಲಲ್ಲಿ ಸಾಧಾರಣ ಲೆನ್ಸ್ ಹಿಡಿದವರೂ ಕಾಡಿನಲ್ಲಿ ದೊಡ್ಡ ಲೆನ್ಸ್ ಹೊತ್ತವರಿಗಿಂತ ಒಳ್ಳೆಯ ಚಿತ್ರ ತೆಗೆಯಬಲ್ಲರು. ಮನೆಯೇ ಅಡಗುತಾಣ. ಕಿಟಕಿಯ ಒಳಗೆ ದೀಪ ಆರಿಸಿ, ಗಾಜು ಒರೆಸಿ, ಲೆನ್ಸನ್ನು ಗಾಜಿಗೆ ನೇರವಾಗಿ ತೀರಾ ಹತ್ತಿರ ಹಿಡಿದರೆ ಪ್ರತಿಬಿಂಬ ಬೀಳದು. ಗಾಜು ತೆರೆದು ಪರದೆಯ ಸಂದಿಯಿಂದ ತೆಗೆದರೆ ಇನ್ನೂ ಚೆನ್ನ.

ಹತ್ತಿರವಾದಷ್ಟೂ ಫೋಕಸ್ ಆಗುವ ಆಳ ತೆಳುವಾಗುತ್ತದೆ. ಅದೇ 400 ಎಂಎಂ ಲೆನ್ಸಿನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್5.6 ಇಟ್ಟು 4 ಮೀಟರ್ ದೂರದ ಹಕ್ಕಿಗೆ ಗುರಿಯಿಟ್ಟರೆ ಸ್ಪಷ್ಟವಾಗಿ ಬರುವುದು ಸುಮಾರು 3 ಸೆಂ.ಮೀ. ದಪ್ಪದ ಒಂದು ಪದರ ಮಾತ್ರ. ಕೊಕ್ಕು ಸ್ಪಷ್ಟವಿದ್ದು ಕಣ್ಣು ಮಸುಕಾದರೆ ಚಿತ್ರ ಕೆಟ್ಟಂತೆ; ಕಣ್ಣು ಸ್ಪಷ್ಟವಿದ್ದು ಬಾಲ ಮಸುಕಾದರೆ ಯಾರಿಗೂ ಕೊರತೆ ಅನ್ನಿಸದು. ಹಾಗಾಗಿ ಫೋಕಸ್ ಕಣ್ಣಿಗೇ. ಹಕ್ಕಿ ಅಡ್ಡಡ್ಡಲಾಗಿ, ಕ್ಯಾಮೆರಾಗೆ ಸಮಾನಾಂತರವಾಗಿ ಕೂತಾಗ ಇಡೀ ಮೈ ಆ ತೆಳು ಪದರದೊಳಗೆ ಬರುತ್ತದೆ. ಕಣ್ಣಲ್ಲಿ ಬೆಳಕಿನ ಚುಕ್ಕಿಯೊಂದು ಮಿನುಗಿದರೆ ಜೀವ ಬಂದ ಹಾಗೆ. ತಲೆ ಒಂದೆಳೆ ತಿರುಗಿದರೂ ಅದು ಹೋಗುತ್ತದೆ. ಹಕ್ಕಿಯ ತಲೆ ಜರುಗುವುದು ತುಂಡು ತುಂಡಾಗಿ: ತಿರುಗಿ, ಕ್ಷಣ ನಿಂತು, ಮತ್ತೆ ತಿರುಗುತ್ತದೆ. ಆ ನಿಲುಗಡೆಗಳಲ್ಲಿ ಮೂರು ನಾಲ್ಕು ಚಿತ್ರಗಳ ಸಣ್ಣ ಸರಣಿ ತೆಗೆಯಿರಿ. ಬಟನ್ ಒತ್ತಿಯೇ ಇದ್ದರೆ ಸಾವಿರ ಚಿತ್ರ ಜಾಲಾಡುವ ಕೆಲಸ ಮಿಕ್ಕುತ್ತದೆ.

ಕೂತ ಹಕ್ಕಿಗೆ ಶಟರ್ ವೇಗ 1/500 ಸೆಕೆಂಡ್, ಸ್ನಾನ ಮಾಡುವಾಗ, ಜಗಳವಾಡುವಾಗ 1/1000ಕ್ಕೂ ಮೇಲೆ, ಹಾರುವಾಗ 1/2000 ಅಥವಾ ಇನ್ನೂ ಹೆಚ್ಚು. ಬೆಳಕು ಸಾಲದಿದ್ದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ ಏರಿಸಲು ಅಂಜಬೇಡಿ. ಏರಿದ ಐಎಸ್‌ಒದ ಕಾಳುಕಾಳು ಚುಕ್ಕೆಗಳನ್ನು ಆಮೇಲೆ ತಂತ್ರಾಂಶದಲ್ಲಿ ತಗ್ಗಿಸಬಹುದು. ಅಲುಗಾಡಿ ಕಲಸಿಹೋದ ಗರಿಗಳನ್ನು ಮರಳಿ ತರುವ ದಾರಿಯಿಲ್ಲ.

ಹಿನ್ನೆಲೆಯ ಬಗ್ಗೆ ಜನ ಕಡಿಮೆ ಯೋಚಿಸುತ್ತಾರೆ. ಹಕ್ಕಿ ಕೂರುವ ಕಡ್ಡಿ ನಿಮಗೆ 4 ಮೀಟರಿನಲ್ಲಿದ್ದು, ಅದರ ಹಿಂದಿನ ಪೊದೆ ಇನ್ನೂ 8-10 ಮೀಟರ್ ಆಚೆಗಿದ್ದರೆ ಎಲೆಗಳೆಲ್ಲ ಕರಗಿ ಒಂದೇ ಹಸಿರಾಗುತ್ತವೆ. ಪೊದೆ ಅರ್ಧ ಮೀಟರಿನಲ್ಲೇ ಇದ್ದರೆ ಎಷ್ಟು ಒಳ್ಳೆಯ ಲೆನ್ಸಿದ್ದರೂ ಗೋಜಲು. ಆದ್ದರಿಂದ ನೀರಿನ ತಟ್ಟೆಯ ಜಾಗ ಆರಿಸುವಾಗಲೇ ಕುರ್ಚಿಯಲ್ಲಿ ಕೂತು, ಹಿಂದೆ ಏನು ಕಾಣುತ್ತದೆ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗೆ ಬರುತ್ತಾನೆಯೇ ಎಂದು ನೋಡಿ. ತಟ್ಟೆಯಿಂದ ಒಂದು ಮೀಟರ್ ದೂರದಲ್ಲಿ ಒಣ ಕೊಂಬೆಯೊಂದನ್ನು ನೆಟ್ಟರೆ ಹಕ್ಕಿ ಮೊದಲು ಅಲ್ಲಿ ಕೂತು ಸುತ್ತ ನೋಡಿ ಆಮೇಲೆ ನೀರಿಗಿಳಿಯುತ್ತದೆ. ನಿಮ್ಮ ಚಿತ್ರ ಅಲ್ಲೇ ಇದೆ. ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಲಿ. ನೆಲದ ಹಕ್ಕಿಗೆ ನೀವೂ ನೆಲದ ಮೇಲೆ ಮಲಗಬೇಕು.

ಸೂರಕ್ಕಿಯ ವಿಷಯದಲ್ಲಿ ಬೆಳಕಿನ ದಿಕ್ಕೇ ಎಲ್ಲ. ಅದರ ಕತ್ತಿನ ಹೊಳಪು ನೀಲಿ, ನೇರಳೆ ಬಣ್ಣದ್ರವ್ಯದಿಂದ ಬಂದದ್ದಲ್ಲ. ಗರಿಯ ಎಳೆಗಳೊಳಗಿನ ಅತಿಸೂಕ್ಷ್ಮ ಪದರಗಳು ಬೆಳಕನ್ನು ಮರಳಿಸುವಾಗ ಕೆಲವು ಅಲೆಗಳು ಒಂದನ್ನೊಂದು ಬಲಪಡಿಸುವುದರಿಂದ ಹುಟ್ಟುವ ಬಣ್ಣ ಅದು, ಸೋಪಿನ ಗುಳ್ಳೆಯ ಬಣ್ಣದ ಹಾಗೆ. ಕೋನ ತಪ್ಪಿದರೆ ಹಕ್ಕಿ ಬರೀ ಕಪ್ಪು. ಸೂರ್ಯ ನಿಮ್ಮ ಬೆನ್ನಿಗಿದ್ದಾಗ ತೆಗೆಯಬೇಕು. ಕಪ್ಪು ಬಿಳುಪಿನ ಮಡಿವಾಳ ಹಕ್ಕಿಗೆ ಇದಕ್ಕೆ ತಿರುವುಮುರುವು: ಬಿಸಿಲಿನಲ್ಲಿ ಬಿಳಿ ಸುಟ್ಟುಹೋಗಿ ಕಪ್ಪು ಮುಚ್ಚಿಹೋಗುತ್ತದೆ, ತೆಳು ಮೋಡದ ದಿನ ಎರಡೂ ಉಳಿಯುತ್ತವೆ.

ಕ್ಯಾಮೆರಾದ ಬೆಳಕು ಅಳೆಯುವ ಬುದ್ಧಿ ಎಲ್ಲವನ್ನೂ ನಡುಬೂದು ಮಾಡಲು ಹೊರಡುತ್ತದೆ. ಕಡು ಎಲೆಗಳ ನಡುವೆ ಚಿಕ್ಕದಾಗಿ ಕೂತ ಬೆಳ್ಳನೆಯ ಹಕ್ಕಿಯಿದ್ದರೆ ಎಲೆಗಳನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಬೆಳ್ಳಗೆ ಬೆಂದುಹೋಗುತ್ತದೆ. ಅಲ್ಲಿ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಆಕಾಶದ ಎದುರು ಕೂತ ಕಾಜಾಣವಾದರೆ ಒಂದೂವರೆ ಸ್ಟಾಪ್ ಏರಿಸಿ, ಇಲ್ಲವಾದರೆ ಬರೀ ನೆರಳು ಸಿಗುತ್ತದೆ. ಕ್ಯಾಮೆರಾ ತಾನೇ ತಿದ್ದದೆ ಇಡುವ ರಾ ಕಡತದಲ್ಲಿ ತೆಗೆದರೆ ತಿದ್ದಲು ಅವಕಾಶ ಹೆಚ್ಚು.

ಮೊಬೈಲ್ ಮಾತ್ರ ಇರುವವರು ಅದನ್ನು ನೀರಿನ ತಟ್ಟೆಯಿಂದ ಅರ್ಧ ಮೀಟರ್ ದೂರದಲ್ಲಿ ಕಲ್ಲಿಗೆ ಒರಗಿಸಿ, 4ಕೆ ವಿಡಿಯೊ ಚಾಲೂ ಮಾಡಿ ಒಳಗೆ ಹೋಗಿಬಿಡಿ. 4ಕೆಯ ಒಂದೊಂದು ಚೌಕಟ್ಟೂ ಸುಮಾರು 8 ಮೆಗಾಪಿಕ್ಸೆಲ್ ಚಿತ್ರ. ಬೇಕಾದ್ದನ್ನು ಆಮೇಲೆ ಆರಿಸಿಕೊಳ್ಳಬಹುದು.

ಗೂಡು

ಗೂಡಿನ ಫೋಟೊ ತೆಗೆಯಬೇಡಿ ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಶುರುವಿನ ವರ್ಷಗಳಲ್ಲಿ ಮೊಣಕಾಲೆತ್ತರದ ಪೊದೆಯಲ್ಲಿ ಪಿಕಳಾರ ಗೂಡು ಕಟ್ಟಿತ್ತು, ಮೂರು ಮೊಟ್ಟೆ. ನೋಟಕ್ಕೆ ಅಡ್ಡ ಬರುತ್ತಿದ್ದ ಎರಡು ರೆಂಬೆಗಳನ್ನು ನಾನು ದಾರದಿಂದ ಪಕ್ಕಕ್ಕೆ ಕಟ್ಟಿದೆ. ಕತ್ತರಿಸಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಚಿತ್ರ ಚೆನ್ನಾಗಿಯೇ ಬಂತು. ಕತ್ತಲಾದಾಗ ದಾರ ಬಿಚ್ಚುವುದು ಮರೆತೆ. ಬೆಳಿಗ್ಗೆ ಗೂಡು ವಾರೆಯಾಗಿತ್ತು, ಒಳಗೆ ಏನೂ ಇರಲಿಲ್ಲ. ಜೋಡಿ ಹಕ್ಕಿಗಳು ಬೇಲಿಯ ಮೇಲೆ ಕೂತು ಬಹಳ ಹೊತ್ತು ಕೂಗಿದವು. ಆ ರೆಂಬೆಗಳು ಗೂಡಿಗೆ ಸೂರು ಮತ್ತು ಬಾಗಿಲು ಎರಡೂ ಆಗಿದ್ದವು. ಆ ಚಿತ್ರವನ್ನು ನಾನು ಯಾರಿಗೂ ತೋರಿಸಿಲ್ಲ.

ಎಲೆ ಸರಿಸಿದರೆ ಕಾಗೆಗೆ ಕಾಣುತ್ತದೆ ಎಂಬುದಷ್ಟೇ ಅಲ್ಲ. ತಾಯಿ ಎದ್ದುಹೋದ ಹೊತ್ತಿನಲ್ಲಿ ನೇರ ಬಿಸಿಲು ಬಿದ್ದರೆ ಗರಿ ಮೂಡದ ಮರಿಗಳು ಅಲ್ಪ ಕಾಲದಲ್ಲೇ ಸಾಯುತ್ತವೆ. ಹಾರಲು ಇನ್ನೆರಡು ದಿನವಿರುವ ಮರಿಗಳು ಬೆದರಿ ಗೂಡಿನಿಂದ ಧುಮುಕಿಬಿಡುತ್ತವೆ. ಬ್ರಿಟನ್ನಿನ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಬೆಯ ಗೂಡಿನ ಬಳಿ ಕತ್ತಲಲ್ಲಿ ಹೋದಾಗ ಗೂಬೆ ಎರಗಿ ಒಂದು ಕಣ್ಣನ್ನೇ ಕಳೆದುಕೊಂಡರು. ಗೂಡು ಕಂಡರೆ ಆ ದಾರಿಯಲ್ಲಿ ಓಡಾಟ ಕಡಿಮೆ ಮಾಡಿ, ದೂರದಿಂದ ಬೈನಾಕ್ಯುಲರಿನಲ್ಲಿ ನೋಡಿ. ಮರಿಗಳು ಹೊರಬಂದ ಮೇಲೆ ತಂದೆತಾಯಿ ಕೊಂಬೆಯ ಮೇಲೆ ಅವಕ್ಕೆ ಉಣಿಸುತ್ತವೆ. ಆ ಚಿತ್ರ ಗೂಡಿನ ಚಿತ್ರಕ್ಕಿಂತ ಎಷ್ಟೋ ಚೆನ್ನ. ಹಾರಲಾರದೆ ನೆಲದಲ್ಲಿ ಕೂತ, ಗರಿ ಬಂದ ಮರಿಯನ್ನು ಅನಾಥವೆಂದು ಎತ್ತಿಕೊಂಡು ಹೋಗಬೇಡಿ, ದೊಡ್ಡವು ಹತ್ತಿರದಲ್ಲೇ ಇರುತ್ತವೆ. ಮೊಬೈಲಿನಿಂದ ಹಕ್ಕಿಯ ಕೂಗು ಕೇಳಿಸಿ ಕರೆಯುವುದೂ ಬೇಡ. ತನ್ನ ನೆಲೆಗೆ ಎದುರಾಳಿ ಬಂದನೆಂದು ಗಂಡು ತಿನ್ನುವುದು ಬಿಟ್ಟು ಹುಡುಕಾಡುತ್ತದೆ.

ಬರೆದಿಟ್ಟದ್ದು

ಪ್ರತಿ ಚಿತ್ರದ ಜೊತೆ ದಿನ, ಹೊತ್ತು, ಹಕ್ಕಿ ಮಾಡುತ್ತಿದ್ದ ಕೆಲಸ ಬರೆದಿಡಿ. 2002ರಲ್ಲಿ ಶುರುವಾದ, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಈಬರ್ಡ್‌ನಲ್ಲಿ ಯಾರು ಬೇಕಾದರೂ ತಮ್ಮ ಪಟ್ಟಿ ಸೇರಿಸಬಹುದು. 1998ರಿಂದ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷ ಹಿತ್ತಿಲಲ್ಲಿ ಕೂತು ಎಣಿಸಿದರೂ ಸಾಕು. ಕಾಗೆ, ಮೈನಾ, ಗುಬ್ಬಚ್ಚಿಯನ್ನು ಬಿಡಬೇಡಿ. ಎಲ್ಲೆಡೆ ಇವೆ ಎಂದು ಯಾರೂ ಎಣಿಸದ ಹಕ್ಕಿ ಕಡಿಮೆಯಾಗುತ್ತ ಬಂದದ್ದು ತಡವಾಗಿ ಗೊತ್ತಾಗುತ್ತದೆ.

ಮರಿಗಳ ಗಲಾಟೆ ಮುಗಿದ ಮೇಲೆ ಹಿತ್ತಿಲು ಕೆಲವು ವಾರ ಮೌನವಾಗುತ್ತದೆ. ಹಕ್ಕಿಗಳು ಬಿಟ್ಟುಹೋದವೆಂದು ಮನಸ್ಸು ಭಾರ ಮಾಡಿಕೊಳ್ಳಬೇಡಿ. ಸವೆದ ಗರಿಗಳನ್ನು ಉದುರಿಸಿ ಹೊಸದು ಬೆಳೆಸುವ ಕಾಲ ಅದು. ಹಾರಾಟ ಕಷ್ಟ, ಶಕ್ತಿಯೆಲ್ಲ ಗರಿಗೇ ಹೋಗುತ್ತದೆ, ಹಾಡದೆ ಪೊದೆಯೊಳಗೆ ಉಳಿಯುತ್ತವೆ. ನೀರಿಗೆ ಮಾತ್ರ ಬರುತ್ತವೆ. ನನ್ನ ಹಿತ್ತಿಲ ಗಂಡು ಮಡಿವಾಳ ಹಕ್ಕಿ ಒಂದು ಸಲ ಬಾಲವೇ ಇಲ್ಲದೆ ತಟ್ಟೆಯ ಅಂಚಿಗೆ ಬಂದು ಕೂತಿತು. ಗುಂಡಗಾಗಿ, ಗುರುತೇ ಸಿಗದಂತಿತ್ತು. ಚಿತ್ರ ಚೆಂದವಿರಲಿಲ್ಲ, ಆದರೂ ತೆಗೆದೆ. ಒಂದು ವಾರದ ನಂತರದ ಚಿತ್ರದಲ್ಲಿ ಬೆರಳುಗುರಿನಷ್ಟು ಗರಿಯ ಮೊಳಕೆಗಳಿವೆ, ಇನ್ನೂ ಕೊಳವೆಯೊಳಗೇ ಇದ್ದವು. ಮೂರನೆಯದರಲ್ಲಿ ನಡುವಿನ ಕಪ್ಪು ಗರಿಗಳು, ಅಂಚಿನ ಬಿಳಿ ಗರಿಗಳು ಬೇರೆಬೇರೆಯಾಗಿ ಕಾಣುತ್ತವೆ. ನಾಲ್ಕನೆಯದರಲ್ಲಿ ಅದು ಬೇಲಿಯ ಅದೇ ಗೂಟದ ಮೇಲೆ ಪೂರಾ ಬಾಲವನ್ನು ಮೇಲಕ್ಕೆತ್ತಿ, ಒಂದು ಕಣ್ಣನ್ನು ನನ್ನತ್ತ ತಿರುಗಿಸಿ ಕೂತಿದೆ.